ಸಾಬೂನು ನೀರಿನ ಪರೀಕ್ಷೆ

ನಮ್ಮ ಮನೆಯಲ್ಲಿ ರಾತ್ರಿ ಮಲಗುವ ಮೊದಲು ಗ್ಯಾಸಿನ ರೆಗ್ಯುಲೇಟರ್ ಆಫ್ ಮಾಡುವುದು ಅಪ್ಪನ ಕೆಲಸ. ಅವರು ಆಫ್ ಮಾಡಿದ್ದಾರೋ ಇಲ್ಲವೋ ಎಂದು ನೋಡಿ ಬರುವುದು ಅಮ್ಮನ ಕೆಲಸ. ಸಾಗರದ ಆ ಮನೆಯಲ್ಲಿ ನಾನು ಬೆಳೆದಷ್ಟು ವರ್ಷವೂ ಈ ಎರಡು ಕೆಲಸ ಒಂದು ರಾತ್ರಿಯಾದರೂ ತಪ್ಪಿದ್ದು ನನಗೆ ನೆನಪಿಲ್ಲ. ಅಪ್ಪ ಅಡುಗೆಮನೆಯಿಂದ ಬಂದು "ಆಯ್ತು" ಎನ್ನುತ್ತಿದ್ದರು. ಅಮ್ಮ ಹಾಸಿಗೆ ಕೊಡವಿ ಹಾಸಿ, "ನೀವು ಮಾಡಿರ್ತೀರಿ, ಆದ್ರೂ ಒಂದ್ಸಲ ನೋಡ್ಕೊಂಡ್ ಬರ್ತೀನಿ" ಎಂದು ಎದ್ದು ಹೋಗುತ್ತಿದ್ದಳು. ಅಪ್ಪ ಏನೂ ಹೇಳುತ್ತಿರಲಿಲ್ಲ. ಗೋಡೆಯ ಕಡೆ ಮಗ್ಗುಲಾಗುತ್ತಿದ್ದರು. ಆ ಮಗ್ಗುಲಾಗುವುದರಲ್ಲಿ ಒಂದು ಬೇಸರವಿದೆ ಎಂದು ಹತ್ತು ಹನ್ನೆರಡು ವರ್ಷದವನಿದ್ದಾಗಲೇ ನನಗೆ ಅನ್ನಿಸಿತ್ತು. ಅಮ್ಮನಿಗೆ ಅಪ್ಪನ ಮಾತಿನ ಮೇಲೆ ನಂಬಿಕೆಯಿಲ್ಲ ಎಂದೇ ನಾನು ತಿಳಿದುಕೊಂಡಿದ್ದೆ.

ಒಬ್ಬರು ಮಾಡಿ ಮುಗಿಸಿದ ಕೆಲಸವನ್ನು ಇನ್ನೊಬ್ಬರು ಹೋಗಿ ಮುಟ್ಟಿ ನೋಡಿದರೆ ಅದು ಅವಮಾನವೇ? ನಂಬಿಕೆ ಇರುವ ಕಡೆ ಪರೀಕ್ಷೆ ಇರಬಾರದೇ? ಈ ಪ್ರಶ್ನೆ ನನಗೆ ಮತ್ತೆ ಎದುರಾದದ್ದು ಹದಿನೈದು ವರ್ಷಗಳ ನಂತರ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಬಾಡಿಗೆ ಮನೆಯ ನೆಲಮಾಳಿಗೆಯಲ್ಲಿ, ಬಿಯರ್ ತುಂಬಿದ ಸ್ಟೀಲ್ ಕೆಗ್ ಒಂದರ ಮುಂದೆ ಮಂಡಿಯೂರಿ ಕೂತಿದ್ದಾಗ.

ಆ ಮನೆಯಲ್ಲಿ ನಾವು ಮೂವರಿದ್ದೆವು. ನಾನು ಓದುತ್ತಿದ್ದದ್ದು ತತ್ತ್ವಶಾಸ್ತ್ರ. ನನಗಿಂತ ಎರಡು ವರ್ಷ ಮೊದಲು ಬಂದಿದ್ದ ಹುಬ್ಬಳ್ಳಿಯ ಗೆಳೆಯ ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ. ಮೂರನೆಯವನು ನೆಲಮಾಳಿಗೆಯ ಒಂದು ಸಣ್ಣ ಕೋಣೆಯಲ್ಲಿ ಕಡಿಮೆ ಬಾಡಿಗೆಗೆ ಮಲಗುತ್ತಿದ್ದ. ಹುಬ್ಬಳ್ಳಿಯವನಿಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹಿಡಿದಿತ್ತು. ಜರ್ಮನ್ ವಲಸಿಗರು ಬಂದು ನೆಲೆಸಿದ ಆ ರಾಜ್ಯದಲ್ಲಿ ಅದೇನೂ ವಿಚಿತ್ರವಲ್ಲ. ಅಲ್ಲಿ ಇದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ; 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆಯೊಂದರ ನಂತರ ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್‌ವರೆಗೆ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಬಹುದು. ನಮ್ಮಲ್ಲಿ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಹೀಗೆ ಮಾಡುವಂತಿಲ್ಲ. ಹಾಗಾಗಿ ಈ ಕಥೆ ಸಾಗರದಲ್ಲಿ ನಡೆಯುವಂಥದ್ದಲ್ಲ. ಆದರೆ ಅದರ ಬೇರು ಅಲ್ಲಿನ ಅಡುಗೆಮನೆಯಲ್ಲೇ ಇದೆ.

ಒಂದು ವರ್ಷ ಅವನು ಬಿಯರನ್ನು ಬಾಟಲಿಗಳಲ್ಲಿ ತುಂಬಿಸಿ ನೋಡಿದ. ಐವತ್ತು ಬಾಟಲಿ ತೊಳೆಯುವುದು, ಪ್ರತಿಯೊಂದಕ್ಕೂ ಅಳತೆಯ ಸಕ್ಕರೆ ಹಾಕಿ ಮುಚ್ಚಳ ಒತ್ತುವುದು, ನೊರೆ ಬಂದೀತೇ ಎಂದು ಎರಡು ವಾರ ಕಾಯುವುದು. ಬೇಸರ ಬಂದು ಕೆಗ್‌ಗೆ ಬದಲಾದ. ಅಲ್ಲಿ ಮನೆಬಿಯರಿನವರು ಬಳಸುವ ಕೆಗ್‌ಗಳಿಗೆ ಒಂದು ಇತಿಹಾಸವಿದೆ. ಹತ್ತೊಂಬತ್ತು ಲೀಟರ್ ಹಿಡಿಯುವ ಈ ಉದ್ದನೆಯ ಸ್ಟೀಲ್ ಪಾತ್ರೆಗಳು ಮೂಲತಃ ಕೋಕ್, ಪೆಪ್ಸಿಗಳ ಸಿರಪ್ ಸಾಗಿಸಲು ಮಾಡಿದವು. ಆ ಕಂಪನಿಗಳು ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲಕ್ಕೆ ಬದಲಾದಾಗ ಹಳೆಯ ಕೆಗ್‌ಗಳು ಕಡಿಮೆ ಬೆಲೆಗೆ ಬಿಯರ್ ಮಾಡುವವರ ಕೈ ಸೇರಿದವು. ಇಂದಿಗೂ ಪೆಪ್ಸಿಯ ಬಗೆಯ ಬಾಯಿ ಬೇರೆ, ಕೋಕಿನ ಬಗೆಯ ಬಾಯಿ ಬೇರೆ. ಒಂದಕ್ಕೆ ಸಿಗುವ ಜೋಡಣೆ ಇನ್ನೊಂದಕ್ಕೆ ಕೂರುವುದಿಲ್ಲ.

ಕೆಗ್ ಎಂದರೆ ಬರಿಯ ಪಾತ್ರೆ. ಬಿಯರಿಗೆ ನೊರೆ ಬರಬೇಕಾದರೆ ಅದರೊಳಗೆ ಇಂಗಾಲದ ಡೈಆಕ್ಸೈಡ್ ಕರಗಬೇಕು. ಎಷ್ಟು ಕರಗುತ್ತದೆ ಎಂಬುದು ತಂಪು ಮತ್ತು ಒತ್ತಡ ಎರಡರ ಲೆಕ್ಕ. ಒತ್ತಡ ಹೆಚ್ಚಿದಷ್ಟು ದ್ರವದಲ್ಲಿ ಅನಿಲ ಹೆಚ್ಚು ಕರಗುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲೇ ಹೇಳಿದ್ದ. ಫ್ರಿಜ್‌ನ ಮೂರು ಡಿಗ್ರಿ ತಂಪಿನಲ್ಲಿ 12 ಪಿಎಸ್‌ಐ ಒತ್ತಡ ಇಟ್ಟು ಒಂದೆರಡು ವಾರ ಬಿಟ್ಟರೆ ಸಾಕು. ಆದರೆ ಅನಿಲ ಬರುವ ಸಿಲಿಂಡರಿನೊಳಗಿನ ಒತ್ತಡ ಕೋಣೆಯ ಉಷ್ಣಾಂಶದಲ್ಲಿ ಸುಮಾರು 800 ಪಿಎಸ್‌ಐ. ಎಂಟುನೂರನ್ನು ಹನ್ನೆರಡಕ್ಕೆ ಇಳಿಸುವ ಉಪಕರಣವೇ ರೆಗ್ಯುಲೇಟರ್. ಅದರೊಳಗೆ ಒಂದು ತೆಳು ಪೊರೆ ಇದೆ. ಒಂದು ಬದಿಯಿಂದ ಸ್ಪ್ರಿಂಗ್ ಅದನ್ನು ಒತ್ತುತ್ತದೆ, ಇನ್ನೊಂದು ಬದಿಯಿಂದ ಹೊರಹೋಗುವ ಅನಿಲ ಒತ್ತುತ್ತದೆ. ಅನಿಲದ ಒತ್ತಡ ಕುಸಿದರೆ ಸ್ಪ್ರಿಂಗ್ ಗೆದ್ದು ಬಾಗಿಲು ತೆರೆಯುತ್ತದೆ. ಒತ್ತಡ ಏರಿದರೆ ಪೊರೆ ಹಿಂದೆ ಸರಿದು ಬಾಗಿಲು ಮುಚ್ಚುತ್ತದೆ. ನಮ್ಮ ಅಡುಗೆಮನೆಯ ರೆಗ್ಯುಲೇಟರಿನ ಒಳಗೂ ನಡೆಯುವುದು ಇದೇ. ಅಲ್ಲಿ ಒತ್ತಡವನ್ನು ಕಾರ್ಖಾನೆಯಲ್ಲೇ ನಿಗದಿ ಮಾಡಿಟ್ಟಿರುತ್ತಾರೆ, ಇಲ್ಲಿ ತಿರುಪು ತಿರುಗಿಸಿ ನಾವೇ ನಿಗದಿ ಮಾಡಬೇಕು.

ಒಂದು ಶುಕ್ರವಾರ ಸಂಜೆ ಐದರ ಹೊತ್ತಿಗೆ ಜೋಡಣೆ ಶುರುವಾಯಿತು. ಐದು ಪೌಂಡಿನ ಸಿಲಿಂಡರನ್ನು ಫ್ರಿಜ್‌ನ ಪಕ್ಕ ಗೋಡೆಗೆ ಆನಿಸಿ ಪಟ್ಟಿ ಕಟ್ಟಿದೆವು. ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವೆ ಒಂದು ನೈಲಾನ್ ವಾಷರ್ ಕೂರಿಸಬೇಕು, ಆಮೇಲೆ ದೊಡ್ಡ ನಟ್ ಬಿಗಿ ಮಾಡಬೇಕು. ಪೈಪಿನ ತುದಿಗಳಿಗೆ ಕ್ಲಾಂಪ್ ಹಾಕಬೇಕು. ಅನಿಲದ ಬಾಯಿಗೆ ಬೂದು ಬಣ್ಣದ ಜೋಡಣೆ, ಬಿಯರ್ ಹೊರಬರುವ ಬಾಯಿಗೆ ಕಪ್ಪು. ಸಿಲಿಂಡರ್ ತೆರೆಯುವ ಮೊದಲು ರೆಗ್ಯುಲೇಟರಿನ ತಿರುಪನ್ನು ಪೂರ್ತಿ ಸಡಿಲಿಸಿರಬೇಕು, ಇಲ್ಲದಿದ್ದರೆ ಒತ್ತಡ ಒಮ್ಮೆಲೇ ಪೈಪಿಗೆ ನುಗ್ಗುತ್ತದೆ. ಗೆಳೆಯನಿಗೆ ಇದೆಲ್ಲ ಗೊತ್ತಿತ್ತು. ಪಾನಾ ಹಿಡಿದು ಮುಖ ಕೆಂಪಾಗುವಷ್ಟು ಬಲ ಹಾಕಿ ನಟ್ ಬಿಗಿ ಮಾಡಿದ. ಸಿಲಿಂಡರ್ ತೆರೆದ. ಎರಡು ಗೇಜುಗಳಲ್ಲಿ ಒಂದರ ಮುಳ್ಳು 800ಕ್ಕೆ ಹೋಗಿ ನಿಂತಿತು. ತಿರುಪನ್ನು ಮೆಲ್ಲಗೆ ಬಿಗಿ ಮಾಡುತ್ತ ಬಂದಂತೆ ಇನ್ನೊಂದರ ಮುಳ್ಳು 12ಕ್ಕೆ ಬಂತು. ಕೆಗ್‌ನೊಳಗೆ ಅನಿಲ ಬುಸ್ಸೆಂದು ಇಳಿಯುವ ಸದ್ದು ಕೇಳಿಸಿತು.

ಅಷ್ಟರಲ್ಲಿ ನಾನು ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಬೆರೆಸಿ ಒಂದು ಸ್ಪ್ರೇ ಬಾಟಲಿಯಲ್ಲಿ ತುಂಬಿಕೊಂಡು ಬಂದಿದ್ದೆ. ಊರಿನಲ್ಲಿ ಹೊಸ ಸಿಲಿಂಡರ್ ಕೂರಿಸಿದಾಗ ಅಮ್ಮ ರೆಗ್ಯುಲೇಟರಿನ ಸುತ್ತ ಸಾಬೂನು ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದಳು. ನನ್ನ ಕೈಯಲ್ಲಿದ್ದ ಬಾಟಲಿ ನೋಡಿ ಗೆಳೆಯ ನಕ್ಕ.

"ಯಾಕಲೇ, ನನ್ ಮ್ಯಾಲೆ ಭರವಸಾ ಇಲ್ಲೇನು ನಿನಗ? ಮೆಕ್ಯಾನಿಕಲ್ ಓದೀನಿ ನಾ. ಫಿಲಾಸಫಿ ಅಲ್ಲ."

"ಇದೆ ಮಾರಾಯ" ಎಂದೆ. ಬಾಟಲಿಯನ್ನು ವಾಷಿಂಗ್ ಮಷೀನಿನ ಮೇಲಿಟ್ಟು ಮೇಲೆ ಬಂದೆ.

ಅವನು ಹೇಳಿದ್ದು ತಮಾಷೆಗೆ. ನಾನು ಸುಮ್ಮನಾದದ್ದು ತಮಾಷೆಗಲ್ಲ. ಆ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ನನ್ನ ಬಳಿ ಸರಿಯಾದ ಕೋಟು ಇಲ್ಲದಾಗ ತನ್ನದನ್ನು ಕೊಟ್ಟು ತಾನು ಎರಡು ಸ್ವೆಟರ್ ಹಾಕಿಕೊಂಡು ಓಡಾಡಿದವನು ಅವನು. ಅಂಥವನ ಕೆಲಸದ ಮೇಲೆ ಸಾಬೂನು ನೀರು ಸಿಂಪಡಿಸುವುದು ನನ್ನಿಂದಾಗಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕೆಳಗೆ ಹೋದಾಗ ಎರಡೂ ಮುಳ್ಳುಗಳು ಸೊನ್ನೆಯ ಮೇಲಿದ್ದವು.

ಶನಿವಾರ ರಾತ್ರಿ ನೋಡಿದಾಗ ದೊಡ್ಡ ಗೇಜು 800 ಎಂದೇ ತೋರಿಸಿತ್ತು. ಅದನ್ನು ನೋಡಿಯೇ ಇಬ್ಬರೂ ನಿಶ್ಚಿಂತೆಯಿಂದ ಮಲಗಿದ್ದೆವು. ಆದರೆ ಆ ಗೇಜು ಎಷ್ಟು ಅನಿಲ ಉಳಿದಿದೆ ಎಂಬುದನ್ನು ತೋರಿಸುವುದಿಲ್ಲ. ಸಿಲಿಂಡರಿನೊಳಗೆ ಇರುವುದು ಬಹುಪಾಲು ದ್ರವ. ಮೇಲಿನ ಅನಿಲ ಹೊರಹೋದಂತೆ ದ್ರವ ಆವಿಯಾಗಿ ಆ ಜಾಗ ತುಂಬುತ್ತದೆ, ಒತ್ತಡ ಇದ್ದಷ್ಟೇ ಇರುತ್ತದೆ. ಕೊನೆಯ ಹನಿ ದ್ರವ ಮುಗಿದ ಮೇಲಷ್ಟೇ ಮುಳ್ಳು ಬೀಳಲು ಶುರುವಾಗುತ್ತದೆ, ಬಿದ್ದರೆ ಬೇಗ ಬೀಳುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಗಿ ನೋಡುವುದೊಂದೇ ದಾರಿ. ನಮ್ಮ ಹೆಂಗಸರು ಗ್ಯಾಸಿನ ಸಿಲಿಂಡರನ್ನು ವಾಲಿಸಿ, ಎತ್ತಿ ನೋಡಿ "ಇನ್ನು ನಾಕು ದಿನ ಬರ್ಬೋದು" ಎನ್ನುವುದರಲ್ಲಿ ಈ ಗೇಜಿಗಿಂತ ಹೆಚ್ಚು ವಿಜ್ಞಾನವಿದೆ.

"ಅಂಗಡ್ಯಾವ್ರು ಅರ್ಧಾ ತುಂಬಿ ಕೊಟ್ಟಾರ ನೋಡು" ಎಂದ ಗೆಳೆಯ. ನಾನೂ ಹೌದೆಂದೆ. ಸೋಮವಾರ ಮತ್ತೆ ತುಂಬಿಸಿ ತಂದೆವು. ಈ ಸಲ ಅವರ ಮುಂದೆಯೇ ತೂಗಿಸಿದೆವು. ತೂಕ ಸರಿಯಾಗಿತ್ತು. ಮನೆಗೆ ಬಂದು ಜೋಡಿಸಿ, ವಾಷಿಂಗ್ ಮಷೀನಿನ ಮೇಲಿದ್ದ ಬಾಟಲಿಯನ್ನು ಅವನೇ ಎತ್ತಿಕೊಂಡು ಬಂದ. ಪೈಪಿನ ತುದಿಗಳಲ್ಲಿ ಏನೂ ಇಲ್ಲ. ಕೆಗ್‌ನ ಮುಚ್ಚಳದ ಸುತ್ತ ಏನೂ ಇಲ್ಲ. ಸಿಲಿಂಡರಿನ ದೊಡ್ಡ ನಟ್ಟಿನ ಹಿಂದೆ ಸಿಂಪಡಿಸಿದಾಗ ಅಕ್ಕಿ ನುಚ್ಚಿನಷ್ಟು ಸಣ್ಣ ಗುಳ್ಳೆಗಳು ಒಂದರ ಮೇಲೊಂದು ಏಳತೊಡಗಿದವು. ಬಿಚ್ಚಿ ನೋಡಿದರೆ ನೈಲಾನ್ ವಾಷರ್ ಒಂದು ಕಡೆ ಅದುಮಿಹೋಗಿತ್ತು. ಅದು ಸೆಕೆಂಡ್‌ಹ್ಯಾಂಡ್ ರೆಗ್ಯುಲೇಟರಿನ ಜೊತೆ ಬಂದ ಹಳೆಯ ವಾಷರ್. ಸಿಲಿಂಡರ್ ಬದಲಿಸಿದಾಗಲೆಲ್ಲ ಹೊಸದು ಹಾಕಬೇಕು. ಗೆಳೆಯ ಹಾಕಿದ್ದ ಬಲವೆಲ್ಲ ಆ ಹಳೆಯ ಗಾಯವನ್ನು ಇನ್ನಷ್ಟು ಒತ್ತಿತ್ತು, ಅಷ್ಟೇ.

"ನಂದ ತಪ್ಪು" ಎಂದ ಅವನು.

"ನಂದೂ" ಎಂದೆ.

"ನಿಂದೇನ್ ತಪ್ಪಲೇ? ಕೂಡ್ಸಿದಾಂವ ನಾ."

ಅವನ ಆ ಪ್ರಶ್ನೆಗೆ ಅಂದು ನನ್ನ ಬಳಿ ಉತ್ತರವಿರಲಿಲ್ಲ. ಪಕ್ಕದ ಸಣ್ಣ ಕೋಣೆಯಿಂದ ಮೂರನೆಯವನು ಹಲ್ಲುಜ್ಜುವ ಬ್ರಷ್ ಹಿಡಿದು ಹೊರಬಂದು "ಏನಾಯ್ತು?" ಎಂದು ಕೇಳಿದಾಗಲೇ ನನಗೆ ಮೈ ತಣ್ಣಗಾದದ್ದು. ಎರಡು ರಾತ್ರಿ ಅವನು ಆ ಸಿಲಿಂಡರಿನಿಂದ ಹತ್ತು ಅಡಿ ದೂರದಲ್ಲಿ ಮಲಗಿದ್ದ.

*

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಐದು ಪೌಂಡ್ ಎಂದರೆ ಸುಮಾರು 2.27 ಕಿಲೋ. ಕೋಣೆಯ ಉಷ್ಣಾಂಶದಲ್ಲಿ ಅಷ್ಟು ದ್ರವ ಅನಿಲವಾದರೆ 1,200 ಲೀಟರಿಗೂ ತುಸು ಹೆಚ್ಚು. ಅವನ ಕೋಣೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಎಂಟು ಅಡಿ ಎತ್ತರ; ಅದರೊಳಗಿನ ಗಾಳಿ ಸುಮಾರು 22,600 ಲೀಟರ್. ಅಷ್ಟೂ ಅನಿಲ ಒಮ್ಮೆಲೇ ಆ ಮುಚ್ಚಿದ ಕೋಣೆ ಸೇರಿದ್ದರೆ ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಐದನ್ನು ದಾಟುತ್ತಿತ್ತು. ನೂರಕ್ಕೆ ನಾಲ್ಕು ಎಂದರೇ ಜೀವಕ್ಕೆ ಕೂಡಲೇ ಅಪಾಯ ಎಂದು ಅಮೆರಿಕದ ಕಾರ್ಮಿಕ ಸುರಕ್ಷತೆಯ ಸಂಸ್ಥೆ ನಿಯೋಶ್ ಗುರುತಿಸಿದೆ. ಮೇಲಾಗಿ ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ತಗ್ಗಿನ ಜಾಗ ಹುಡುಕಿಕೊಂಡು ಹೋಗುತ್ತದೆ. ಆ ಮನೆಯಲ್ಲಿ ನೆಲಮಾಳಿಗೆಗಿಂತ ತಗ್ಗಿನ ಜಾಗವಿರಲಿಲ್ಲ.

ಪ್ರಾಮಾಣಿಕವಾಗಿ ಲೆಕ್ಕದ ಇನ್ನರ್ಧವನ್ನೂ ಹೇಳಬೇಕು. ಸೋರಿದ್ದು ಒಮ್ಮೆಲೇ ಅಲ್ಲ, ಹೆಚ್ಚುಕಡಿಮೆ 40 ಗಂಟೆಗಳಲ್ಲಿ. ಗಂಟೆಗೆ 30 ಲೀಟರಿನಷ್ಟು. ಸುಮ್ಮನೆ ಕೂತ ಒಬ್ಬ ಮನುಷ್ಯ ಉಸಿರಿನಲ್ಲಿ ಗಂಟೆಗೆ ಸುಮಾರು 15 ಲೀಟರ್ ಹೊರಬಿಡುತ್ತಾನೆ. ಅಂದರೆ ಆ ಎರಡು ದಿನ ನೆಲಮಾಳಿಗೆಯಲ್ಲಿ ಇನ್ನಿಬ್ಬರು ಕಾಣದ ಅತಿಥಿಗಳು ಕೂತು ಉಸಿರಾಡಿದಂತೆ. ಮೆಟ್ಟಿಲಿನ ಬಾಗಿಲು ತೆರೆದಿತ್ತು, ಗಾಳಿ ಆಡುತ್ತಿತ್ತು. ಏನೂ ಆಗಲಿಲ್ಲ. ಆಗುವ ಸಂಭವವೂ ಕಡಿಮೆಯಿತ್ತು.

ಈ ಸಮಾಧಾನ ಹತ್ತು ನಿಮಿಷ ಉಳಿಯಿತು. ಯಾಕೆಂದರೆ ಸೋರಿಕೆ ಸಣ್ಣದಾಗಿದ್ದದ್ದು ನಮ್ಮ ಜಾಣತನದಿಂದಲ್ಲ. ವಾಷರ್ ಇನ್ನಷ್ಟು ಸೀಳಿದ್ದರೆ, ಪೈಪಿನ ತುದಿಯೊಂದು ಕಳಚಿಕೊಂಡಿದ್ದರೆ, ಅಂದು ಚಳಿಗೆ ಎಲ್ಲ ಬಾಗಿಲು ಮುಚ್ಚಿದ್ದರೆ ಆಗ ನಾನು ಶುಕ್ರವಾರ ಸಂಜೆ ಮಾಡಿದ್ದಕ್ಕಿಂತ ಬೇರೆ ಏನನ್ನೂ ಮಾಡಿರುತ್ತಿರಲಿಲ್ಲ. ಅದೇ ಬಾಟಲಿಯನ್ನು ಅದೇ ವಾಷಿಂಗ್ ಮಷೀನಿನ ಮೇಲಿಟ್ಟು ಮೇಲೆ ಬಂದಿರುತ್ತಿದ್ದೆ.

ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯು. ಕೆ. ಕ್ಲಿಫರ್ಡ್ 1877ರಲ್ಲಿ ಬರೆದ 'ನಂಬುವುದರ ನೀತಿ' ಎಂಬರ್ಥದ ಪ್ರಬಂಧವನ್ನು ನಾನು ನಮ್ಮ ವಿಭಾಗದ ಬಿ.ಎ. ವಿದ್ಯಾರ್ಥಿಗಳಿಗೆ ಎರಡು ಸಲ ಪಾಠ ಮಾಡಿದ್ದೇನೆ. ಅದರಲ್ಲಿ ಒಬ್ಬ ಹಡಗಿನ ಯಜಮಾನ ಬರುತ್ತಾನೆ. ಹಡಗು ಹಳೆಯದು, ದುರಸ್ತಿ ಬೇಕಾಗಬಹುದು ಎಂಬ ಅನುಮಾನ ಅವನಿಗಿದೆ. ಆದರೆ ಇಷ್ಟು ಸಲ ಸುಖವಾಗಿ ಹೋಗಿ ಬಂದಿದೆಯಲ್ಲ, ದೇವರಿದ್ದಾನೆ, ಕಟ್ಟಿದವರ ಮೇಲೆ ಅನುಮಾನ ಪಡುವುದು ಸಣ್ಣತನ ಎಂದುಕೊಳ್ಳುತ್ತ ಮನಸ್ಸಿನ ಅನುಮಾನವನ್ನು ತಾನೇ ಅದುಮುತ್ತಾನೆ. ಹಡಗು ವಲಸೆ ಹೊರಟ ಕುಟುಂಬಗಳನ್ನು ಹೊತ್ತು ಹೋಗಿ ಮುಳುಗುತ್ತದೆ. ಅವನು ತಪ್ಪಿತಸ್ಥ ಎನ್ನಲು ಯಾರೂ ಹಿಂಜರಿಯುವುದಿಲ್ಲ. ಕ್ಲಿಫರ್ಡ್ ಅಲ್ಲಿಗೆ ನಿಲ್ಲಿಸುವುದಿಲ್ಲ. ಹಡಗು ಮುಳುಗದೆ ದಡ ಸೇರಿದ್ದರೂ ಅವನ ತಪ್ಪು ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ ಎನ್ನುತ್ತಾನೆ. ಮುಳುಗಿದ್ದು, ಮುಳುಗದಿದ್ದದ್ದು ಸಮುದ್ರದ ಕೆಲಸ. ನೋಡದೆ ನಂಬಿದ್ದು ಮಾತ್ರ ಅವನ ಕೆಲಸ.

ಪಾಠ ಮಾಡುವಾಗ ನಾನು ಯಾವಾಗಲೂ ಆ ಯಜಮಾನನ ದುರಾಸೆಯನ್ನು ಒತ್ತಿ ಹೇಳುತ್ತಿದ್ದೆ: ದುರಸ್ತಿಯ ಖರ್ಚು ಉಳಿಸಲು ಅವನು ತನ್ನನ್ನು ತಾನೇ ನಂಬಿಸಿಕೊಂಡ ಎಂದು. ನೆಲಮಾಳಿಗೆಯ ನಂತರ ನನಗೆ ಅವನ ಇನ್ನೊಂದು ನೆವ ಹೆಚ್ಚು ಹತ್ತಿರದ್ದಾಗಿ ಕಂಡಿತು. ಅನುಮಾನ ಪಡುವುದು ಸಣ್ಣತನ ಎಂಬುದು. ನನ್ನನ್ನು ತಡೆದದ್ದು ದುಡ್ಡಲ್ಲ, ಸೋಮಾರಿತನವೂ ಅಲ್ಲ. ಸ್ನೇಹಿತನ ಮುಂದೆ ಸಣ್ಣವನಾಗಿ ಕಾಣಬಾರದೆಂಬ ಆಸೆ. ಆ ಆಸೆಗೆ ನಾನು ನಂಬಿಕೆ ಎಂದು ಹೆಸರಿಟ್ಟುಕೊಂಡೆ. ಅದರ ಬೆಲೆ ತೆರಬೇಕಾಗಿ ಬಂದಿದ್ದರೆ ತೆರುತ್ತಿದ್ದವನು ನಾನೂ ಅಲ್ಲ, ಗೆಳೆಯನೂ ಅಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದ್ದವನು. "ನಿಂದೇನ್ ತಪ್ಪಲೇ?" ಎಂಬುದಕ್ಕೆ ನನಗೆ ಸಿಕ್ಕ ಉತ್ತರ ಇದು. ನನ್ನ ಪಾಲಿನ ನಷ್ಟವನ್ನು ನಾನು ನಂಬಿಕೆಗಾಗಿ ಪಣಕ್ಕಿಡಬಹುದು. ಮೂರನೆಯವನದನ್ನು ಇಡಲು ನನಗೆ ಹಕ್ಕಿರಲಿಲ್ಲ.

*

ಹಾಗಾದರೆ ಎಲ್ಲವನ್ನೂ ಪರೀಕ್ಷಿಸುತ್ತಲೇ ಇರಬೇಕೇ? ಇಲ್ಲಿ ನಮ್ಮ ಹಳೆಯ ಜಗಳವೊಂದು ನೆನಪಾಗುತ್ತದೆ. ಒಂದು ತಿಳಿವು ನಿಜವೆಂದು ಹೇಗೆ ಗೊತ್ತಾಗುತ್ತದೆ ಎಂಬ ಬಗ್ಗೆ ಮೀಮಾಂಸಕರಿಗೂ ನೈಯಾಯಿಕರಿಗೂ ಶತಮಾನಗಳ ವಾದ ನಡೆದಿದೆ. ಕುಮಾರಿಲ ಭಟ್ಟನ ಪಂಥದವರು ತಿಳಿವು ತಾನಾಗಿಯೇ ಪ್ರಮಾಣ ಎನ್ನುತ್ತಾರೆ. ಅದಕ್ಕೆ ಬಾಧೆ ಬರುವತನಕ, ಅಂದರೆ ಅದನ್ನು ಸುಳ್ಳು ಮಾಡುವ ಇನ್ನೊಂದು ಎದುರಾಗುವತನಕ, ಅದನ್ನು ಒಪ್ಪಿಕೊಂಡು ನಡೆಯುವುದೇ ಸರಿ. ನೈಯಾಯಿಕರು ಇಲ್ಲ ಎನ್ನುತ್ತಾರೆ. ದೂರದಲ್ಲಿ ನೀರು ಕಂಡಿತು ಎಂಬ ತಿಳಿವು ನಿಜವೆಂದು ಗೊತ್ತಾಗುವುದು ಹೋಗಿ ಕುಡಿದು ಬಾಯಾರಿಕೆ ಹಿಂಗಿದ ಮೇಲೆ. ಪ್ರಾಮಾಣ್ಯವನ್ನು ಹೊರಗಿನಿಂದ ತಿಳಿಯಬೇಕು. ಅದಕ್ಕೆ ಮೀಮಾಂಸಕರ ಮರುಪ್ರಶ್ನೆ: ಒಂದು ತಿಳಿವನ್ನು ಪರೀಕ್ಷಿಸಲು ಇನ್ನೊಂದು ಬೇಕಾದರೆ ಆ ಇನ್ನೊಂದಕ್ಕೆ ಮತ್ತೊಂದು ಬೇಡವೇ? ಕೊನೆಯೆಲ್ಲಿ?

ದಿನದ ಬದುಕಿನಲ್ಲಿ ನಾವೆಲ್ಲ ಮೀಮಾಂಸಕರೇ. ಬಸ್ಸು ಹತ್ತುವಾಗ ಡ್ರೈವರಿನ ಲೈಸೆನ್ಸ್ ಕೇಳುವುದಿಲ್ಲ. ಹೋಟೆಲಿನ ಸಾಂಬಾರನ್ನು ಮೊದಲು ಬೆಕ್ಕಿಗೆ ಹಾಕಿ ನೋಡುವುದಿಲ್ಲ. ಹಾಗೆ ಮಾಡಹೊರಟರೆ ಬದುಕು ಮೊದಲ ಸ್ಟಾಪಿನಲ್ಲೇ ನಿಂತುಹೋಗುತ್ತದೆ. ಆದರೆ ಬಾಧೆ ಬರುವತನಕ ನಂಬು ಎಂಬ ಮಾತಿನೊಳಗೆ ಒಂದು ಷರತ್ತು ಅಡಗಿದೆ ಎಂದು ನನಗೆ ತೋರುತ್ತದೆ. ಬಾಧೆ ಇದ್ದರೆ ಅದು ಎದುರಿಗೆ ಬಂದು ಕಾಣಿಸಿಕೊಳ್ಳುವಂತಿರಬೇಕು. ಸಾಂಬಾರು ಹಳಸಿದ್ದರೆ ನಾಲಿಗೆಗೆ ಗೊತ್ತಾಗುತ್ತದೆ. ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ ಸೋರಿದರೆ ಬಾಧೆ ಬಂದು ಬಾಗಿಲು ತಟ್ಟುವುದಿಲ್ಲ. ಅಂಥ ಕಡೆ ಬಾಧೆ ಬಂದಿಲ್ಲ ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ಅಲ್ಲಿ ನಾವೇ ಹುಡುಕಿಕೊಂಡು ಹೋಗಬೇಕು.

ಅಡುಗೆ ಅನಿಲದ ವಾಸನೆ ಎಲ್ಲರಿಗೂ ಗೊತ್ತು. ಆದರೆ ಅದು ಅನಿಲದ ಸ್ವಂತ ವಾಸನೆಯಲ್ಲ. ಸೋರಿದರೆ ತಿಳಿಯಲಿ ಎಂದು ಮನುಷ್ಯರು ಬೆರೆಸಿದ್ದು; ಮರ್‌ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತ. ಈ ಪದ್ಧತಿ ಕಡ್ಡಾಯವಾಗಿದ್ದರ ಹಿಂದೆ ಒಂದು ಶಾಲೆಯಿದೆ. 1937ರ ಮಾರ್ಚ್ 18ರಂದು ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿ ಸೋರಿ ತುಂಬಿಕೊಂಡಿದ್ದ ನೈಸರ್ಗಿಕ ಅನಿಲ ಸ್ಫೋಟಿಸಿತು. ಸುಮಾರು 300 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಆ ಅನಿಲಕ್ಕೆ ವಾಸನೆ ಇರಲಿಲ್ಲ. ಮೇಲಿನ ತರಗತಿಗಳಲ್ಲಿ ಪಾಠ ನಡೆಯುತ್ತಿತ್ತು, ಯಾರಿಗೂ ಏನೂ ತಿಳಿದಿರಲಿಲ್ಲ. ಆಮೇಲೆ ಟೆಕ್ಸಸ್ ಅನಿಲಕ್ಕೆ ವಾಸನೆ ಬೆರೆಸಲೇಬೇಕೆಂದು ಕಾನೂನು ಮಾಡಿತು, ಅದು ಬೇರೆಡೆಗೂ ಹರಡಿತು. ನಮ್ಮ ಅಡುಗೆಮನೆಯಲ್ಲಿ ಸ್ಟವ್ ಹೊತ್ತಿಕೊಳ್ಳದೆ ಹೋದಾಗ ಮೂಗಿಗೆ ಬಡಿಯುವ ಆ ಕೆಟ್ಟ ವಾಸನೆ, ಎಲ್ಲಿಯದೋ ಮಕ್ಕಳ ಸಾವಿನಿಂದ ಕಲಿತ ಪಾಠ.

ಒಬ್ಬರನ್ನೊಬ್ಬರು ನಂಬಿ ಬದುಕಬೇಕಾದರೆ ತಪ್ಪು ತಾನಾಗಿ ಬಯಲಾಗುವ ಏರ್ಪಾಡು ಬೇಕು ಎಂದು ಆ ಘಟನೆ ಹೇಳುತ್ತದೆ. ವಾಸನೆ ಬೆರೆಸಿದವರು ಅನಿಲ ಕಂಪನಿಯನ್ನಾಗಲೀ ಪೈಪು ಜೋಡಿಸುವವನನ್ನಾಗಲೀ ಅವಮಾನಿಸಲಿಲ್ಲ. ಅವರನ್ನು ನಂಬಲು ಜನರಿಗೆ ಒಂದು ಆಧಾರ ಕೊಟ್ಟರು. ಬಿಯರಿಗೆ ಹಾಕುವ ಅನಿಲಕ್ಕೆ ಈ ದಾರಿ ಇಲ್ಲ; ಅದನ್ನು ಕುಡಿಯಬೇಕು, ಕೊಳೆತ ಎಲೆಕೋಸಿನ ವಾಸನೆಯ ಬಿಯರ್ ಯಾರಿಗೂ ಬೇಡ. ಹಾಗಾಗಿ ಅಲ್ಲಿ ವಾಸನೆಯ ಜಾಗದಲ್ಲಿ ಸಾಬೂನು ನೀರು ನಿಲ್ಲುತ್ತದೆ. ಮೂಗು ಮಾಡಬೇಕಾದ ಕೆಲಸವನ್ನು ಕಣ್ಣು ಮಾಡಬೇಕಾಗುತ್ತದೆ.

*

ಆದರೂ ಪರೀಕ್ಷೆಯ ಪರವಾಗಿ ಇಷ್ಟು ಹೇಳಿ ಮುಗಿಸಲು ನನಗೆ ಅಳುಕಿದೆ. ಇಂದು ಪರೀಕ್ಷಿಸುವವರಿಗೆ ಕೊರತೆಯಿಲ್ಲ. ಶಾಲೆಯ ತರಗತಿಯಲ್ಲಿ ಕ್ಯಾಮೆರಾ, ಕಚೇರಿಯ ಬಾಗಿಲಲ್ಲಿ ಬೆರಳಚ್ಚು, ಮನೆಗೆಲಸದವಳು ಹೊರಡುವಾಗ ಅವಳ ಚೀಲ ಬಿಚ್ಚಿಸಿ ನೋಡುವ ಗೇಟು. ಇವೆಲ್ಲವೂ ಸುರಕ್ಷತೆಯ ಹೆಸರಿನಲ್ಲೇ ನಡೆಯುತ್ತವೆ. ಇವಕ್ಕೂ ಸಾಬೂನು ನೀರಿಗೂ ವ್ಯತ್ಯಾಸವೇನು?

ನನಗೆ ಕಾಣುವುದು ಎರಡು ವ್ಯತ್ಯಾಸ. ಸಾಬೂನು ನೀರು ಸಿಂಪಡಿಸುವುದು ಜೋಡಣೆಯ ಮೇಲೆ, ಜೋಡಿಸಿದವನ ಮೇಲಲ್ಲ. ಗೆಳೆಯ ಎಷ್ಟು ಒಳ್ಳೆಯವನಾದರೂ ವಾಷರ್ ಅದುಮಿಹೋಗಿರುತ್ತದೆ. ಅವನ ಒಳ್ಳೆಯತನ ವಾಷರಿಗೆ ಗೊತ್ತಿಲ್ಲ. ಎರಡನೆಯದು, ಗುಳ್ಳೆ ಎದ್ದಾಗ ಇಬ್ಬರೂ ಒಟ್ಟಿಗೆ ಬಗ್ಗಿ ನೋಡುತ್ತೇವೆ, ನಾಳೆ ನಾನು ಜೋಡಿಸಿದ್ದನ್ನು ಅವನು ನೋಡುತ್ತಾನೆ. ಗೇಟಿನಲ್ಲಿ ಚೀಲ ಬಿಚ್ಚುವುದು ಯಾವಾಗಲೂ ಒಬ್ಬಳದೇ. ಫ್ಲ್ಯಾಟಿನ ಒಡತಿಯದನ್ನು ಯಾರೂ ಬಿಚ್ಚಿಸುವುದಿಲ್ಲ. ಒಂದೇ ದಿಕ್ಕಿಗೆ ಹರಿಯುವ ಪರೀಕ್ಷೆಯಲ್ಲಿ ಸುರಕ್ಷತೆಗಿಂತ ಯಜಮಾನಿಕೆ ಹೆಚ್ಚಿರುತ್ತದೆ. ನನ್ನ ಮಾರ್ಗದರ್ಶಕರು ನನ್ನ ಅಧ್ಯಾಯಗಳ ಪ್ರತಿ ಅಡಿಟಿಪ್ಪಣಿಯನ್ನೂ ಮೂಲದ ಜೊತೆ ಹೋಲಿಸಿ ನೋಡುತ್ತಾರೆ. ಮೊದಲ ವರ್ಷ ನನಗೆ ಅವಮಾನವಾಗಿತ್ತು. ಆಮೇಲೊಂದು ದಿನ ತಮ್ಮದೇ ಲೇಖನದ ಕರಡನ್ನು ನನಗೆ ಕಳಿಸಿ ಎಲ್ಲ ಉಲ್ಲೇಖಗಳನ್ನೂ ನೋಡಿಕೊಡಲು ಹೇಳಿದರು. ಎರಡು ತಪ್ಪು ಸಿಕ್ಕವು. ಅವರು ಸಂತೋಷಪಟ್ಟರು. ಅಂದಿನಿಂದ ನನಗೆ ಅವಮಾನವಾಗಿಲ್ಲ.

ಪರೀಕ್ಷೆ ಸೋಲುವ ಜಾಗವೂ ಒಂದಿದೆ. ಸೋರಿಕೆ ಹುಡುಕುವ ಇನ್ನೊಂದು ವಿಧಾನವನ್ನು ಗೆಳೆಯ ಆಮೇಲೆ ತೋರಿಸಿದ. ಸಿಲಿಂಡರ್ ಬಂದ್ ಮಾಡಿ ಗೇಜಿನ ಮುಳ್ಳನ್ನು ನೋಡುತ್ತ ಕೂರಬೇಕು. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಆದರೆ ಕೆಗ್‌ನೊಳಗೆ ಹೊಸ ಬಿಯರ್ ಇದ್ದಾಗ ಈ ವಿಧಾನ ಮೋಸ ಮಾಡುತ್ತದೆ. ಯಾಕೆಂದರೆ ಆಗ ಸೋರಿಕೆ ಇಲ್ಲದೆಯೂ ಮುಳ್ಳು ಇಳಿಯುತ್ತದೆ. ಬಿಯರ್ ಅನಿಲವನ್ನು ಹೀರಿಕೊಳ್ಳುತ್ತಿರುತ್ತದೆ. ಕಳೆದುಹೋಗುತ್ತಿದೆಯೋ ಒಳಗಿಳಿಯುತ್ತಿದೆಯೋ ಎಂಬುದನ್ನು ಮುಳ್ಳು ಹೇಳುವುದಿಲ್ಲ. ನಾವು ಮನುಷ್ಯರನ್ನು ಪರೀಕ್ಷಿಸುವುದು ಬಹಳ ಸಲ ಹೀಗೆಯೇ. "ಈ ಸಲ ಅವನೇ ಫೋನ್ ಮಾಡಲಿ, ನೋಡೋಣ" ಎಂದು ಸುಮ್ಮನಾಗುತ್ತೇವೆ. ನಮ್ಮ ಕಡೆಯಿಂದ ಹೋಗುತ್ತಿದ್ದುದನ್ನು ನಿಲ್ಲಿಸಿ, ಮುಳ್ಳು ಇಳಿಯುವುದನ್ನು ಕಾಯುತ್ತೇವೆ. ಇಳಿದಾಗ ಸೋರುತ್ತಿದೆ ಎಂದು ತೀರ್ಮಾನಿಸುತ್ತೇವೆ. ಕೊಟ್ಟದ್ದು ಅಲ್ಲಿ ಯಾರೊಳಗೋ ನಿಧಾನವಾಗಿ ಇಳಿಯುತ್ತಿರಬಹುದು, ಅದಕ್ಕೆ ಎರಡು ವಾರವಲ್ಲ, ಇಪ್ಪತ್ತು ವರ್ಷ ಬೇಕಾಗಬಹುದು. ಕೊಡುವುದನ್ನು ನಿಲ್ಲಿಸಿಯೇ ಮಾಡಬೇಕಾದ ಪರೀಕ್ಷೆ ಸ್ನೇಹಕ್ಕೆ ಹೇಳಿದ್ದಲ್ಲ. ವಾಷರಿಗೆ ಸಾಬೂನು ನೀರು ಬೇಕು, ಗೆಳೆಯನಿಗೆ ಬೇಡ. ಶುಕ್ರವಾರ ಸಂಜೆ ನಾನು ಇವೆರಡನ್ನೂ ಒಂದು ಮಾಡಿಕೊಂಡಿದ್ದೆ.

*

ಆ ವಾರದ ಕೊನೆಗೆ ಅಮ್ಮನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಬಿಯರ್ ಎನ್ನದೆ ಸೋಡಾ ಎಂದೆ. ಹೇಳುತ್ತ ಹೇಳುತ್ತ ಕೇಳಿಯೂಬಿಟ್ಟೆ: "ನೀನು ರಾತ್ರಿ ಹೋಗಿ ನೋಡಿ ಬರ್ತೀಯಲ್ಲ, ಅಪ್ಪಂಗೆ ಬೇಜಾರಾಗಲ್ವಾ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. "ಮೊದಲು ಆಫ್ ಮಾಡೋ ಕೆಲ್ಸ ನಂದೇ ಆಗಿತ್ತು ಕಣೋ. ನೀನು ಒಂದು ವರ್ಷದ ಮಗು. ನಿಂಗೆ ಜ್ವರ ಅಂತ ಎರಡು ದಿನ ನಿದ್ದೆ ಇರ್ಲಿಲ್ಲ ನಂಗೆ. ಒಂದು ರಾತ್ರಿ ಹಾಲು ಉಕ್ಕಿ ಸ್ಟವ್ ಆರಿತ್ತು, ನಾನು ನೋಡ್ದೆ ಬಂದು ಮಲಗಿದ್ದೆ. ನಿಮ್ಮಪ್ಪ ವಾಸನೆ ಬಂತು ಅಂತ ಎದ್ದು ಹೋಗಿ ಆಫ್ ಮಾಡಿ, ಕಿಟಕಿ ಬಾಗಿಲೆಲ್ಲ ತೆಗೆದ್ರು. ನಂಗೆ ಒಂದು ಮಾತು ಅನ್ಲಿಲ್ಲ. ಯಾರ ಹತ್ರಾನೂ ಹೇಳ್ಲಿಲ್ಲ. ಮಾರನೇ ದಿನದಿಂದ ಆ ಕೆಲ್ಸ ಅವರೇ ಮಾಡಕ್ಕೆ ಶುರು ಮಾಡಿದ್ರು. ನಾನು ಹೋಗಿ ನೋಡೋದು ಅವರನ್ನಲ್ಲ. ಅವತ್ತಿನ ನನ್ನ."

ಇಪ್ಪತ್ತೇಳು ವರ್ಷ ನಾನು ಆ ಮನೆಯ ಒಂದು ಗೇಜನ್ನು ತಪ್ಪಾಗಿ ಓದಿದ್ದೆ. ನಂಬಿಕೆಯಿಲ್ಲದ ಹೆಂಡತಿ, ಬೇಸರಗೊಂಡ ಗಂಡ ಎಂದು ತಿಳಿದ ಕಡೆ ಇದ್ದದ್ದು ಒಬ್ಬರ ತಪ್ಪನ್ನು ಇನ್ನೊಬ್ಬರು ಮಾತಿಲ್ಲದೆ ಹೊತ್ತುಕೊಂಡ ಏರ್ಪಾಡು. ಅಪ್ಪ ಗೋಡೆಯ ಕಡೆ ಮಗ್ಗುಲಾಗುತ್ತಿದ್ದದ್ದು ಬೇಸರದಿಂದಲೋ, ಅಮ್ಮ ನೋಡಿ ಬರಲಿ ಎಂದು ಜಾಗ ಬಿಟ್ಟೋ, ನಾನು ಅವರನ್ನು ಕೇಳಿಲ್ಲ.

ಈಗ ನಮ್ಮ ನೆಲಮಾಳಿಗೆಯಲ್ಲಿ ಒಂದು ನಿಯಮವಿದೆ. ಜೋಡಿಸಿದವನು ಸಾಬೂನು ನೀರು ಸಿಂಪಡಿಸುವಂತಿಲ್ಲ, ಅದು ಇನ್ನೊಬ್ಬನ ಕೆಲಸ. ಸಿಲಿಂಡರನ್ನು ಮಲಗುವ ಕೋಣೆಯಿಂದ ದೂರ, ಹೊರಬಾಗಿಲಿನ ಹತ್ತಿರಕ್ಕೆ ಸಾಗಿಸಿದ್ದೇವೆ. ಗೋಡೆಯ ಮೇಲೆ ಮೊಣಕಾಲೆತ್ತರದಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಸಣ್ಣ ಯಂತ್ರವೊಂದಿದೆ. ಅದನ್ನು ತಂದದ್ದು ಮೂರನೆಯವನು. ನಮ್ಮಿಬ್ಬರಲ್ಲಿ ಯಾರನ್ನೂ ಅವನು ಒಂದು ಮಾತು ಕೇಳಲಿಲ್ಲ. ನಮಗೂ ಅದರಿಂದ ಅವಮಾನವಾಗಲಿಲ್ಲ.

ಕಳೆದ ತಿಂಗಳು ಸಿಲಿಂಡರ್ ಬದಲಿಸುವ ಸರದಿ ನನ್ನದಾಗಿತ್ತು. ಹೊಸ ವಾಷರ್ ಹಾಕಿದೆ, ನಟ್ ಬಿಗಿ ಮಾಡಿದೆ, ತಿರುಪು ತಿರುಗಿಸಿ ಮುಳ್ಳನ್ನು 12ಕ್ಕೆ ತಂದೆ. ಗೆಳೆಯ ಬಾಟಲಿ ಹಿಡಿದು ಬಂದು ಪಕ್ಕದಲ್ಲಿ ಕೂತ. ಒಂದೊಂದು ಜೋಡಣೆಗೂ ಸಿಂಪಡಿಸಿ, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. ಎಲ್ಲಿಯೂ ಗುಳ್ಳೆ ಏಳಲಿಲ್ಲ.

ಅಷ್ಟು ಹೊತ್ತೂ ನನ್ನೊಳಗೆ ಏನೋ ಸಣ್ಣಗೆ ಚುಚ್ಚುತ್ತಲೇ ಇತ್ತು. ಇಷ್ಟೆಲ್ಲ ಯೋಚಿಸಿದ ಮೇಲೂ ಅದು ಹೋಗಿಲ್ಲ. ಹೋಗುವುದೂ ಇಲ್ಲವೇನೋ. ಅಪ್ಪನ ಹಾಗೆ ಗೋಡೆಯ ಕಡೆ ಸ್ವಲ್ಪ ತಿರುಗಿ ಕೂತೆ, ಅವನು ನಿಧಾನವಾಗಿ ನೋಡಿ ಮುಗಿಸಲಿ ಎಂದು.